ಒಂದು ಬಾಕಿ ಇರ್ಲಿ

ಎಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಅಡಿಕೆ ಸುಲೀತಾ ಕೂತಿರ್ತೀರಿ, ಕೆಲವರು ಬೀಡಿ ಕಟ್ತಾ ಇರ್ತೀರಿ, ರೇಡಿಯೊ ಅದರಷ್ಟಕ್ಕೆ ಮಾತಾಡ್ತಾ ಇರ್ತದೆ. ನಿಮ್ಮ ಮನೆಯಲ್ಲಿ ಬರೆಯುವವರು ಯಾರಾದ್ರೂ ಇದ್ರೆ ಸ್ವಲ್ಪ ಕರೀರಿ, ನಾನಿವತ್ತು ಬಂದದ್ದು ಅವರ ಹತ್ತಿರ ಮಾತಾಡ್ಲಿಕ್ಕೆ. ಈಗ ಬರೆಯುವವರಿಲ್ಲದ ಮನೆ ಕಮ್ಮಿ. ಮಗ ಫೋನಿನಲ್ಲಿ ಬರೀತಾನೆ, ಸೊಸೆ ಬರೀತಾಳೆ, ರಿಟೈರ್ಡ್ ಆದ ಮಾವನೂ ಬರೀತಾರೆ. ಬರೆದದ್ದನ್ನು ಮೊದಲ ಸಲ ನಾಲ್ಕು ಜನ ಓದ್ತಾರೆ, ಚಂದ ಉಂಟು ಅಂತಾರೆ, ಆಮೇಲೆ ಆ ಕಡೆ ತಲೆ ಹಾಕುದಿಲ್ಲ. ಬರವಣಿಗೆ ಕಮ್ಮಟಕ್ಕೆ ಅಂತ ನಾನು ಎಲ್ಲಿಗೆ ಹೋದ್ರೂ, ಮಂಜೇಶ್ವರಕ್ಕೆ ಹೋದ್ರೂ ಬದಿಯಡ್ಕಕ್ಕೆ ಹೋದ್ರೂ, ಇದೇ ಒಂದು ಕಂಪ್ಲೇಂಟು.

ಹೋದ ವಾರ ಮುಳ್ಳೇರಿಯ ಕಡೆಯ ಒಬ್ಬಳು ಕಾಲೇಜು ಹುಡುಗಿ ತಾನು ಬರೆದದ್ದನ್ನೆಲ್ಲ ನನಗೆ ಕಳಿಸಿದ್ಳು. ಹದಿಮೂರು ಬರಹ. ಕೊನೆಗೆ ಒಂದು ಸಾಲು, "ಸರ್, ಒಂದು ಸಲ ಓದಿದವರು ಮತ್ತೆ ಬರುದೇ ಇಲ್ಲ, ಎಂತ ಮಾಡುದು?" ಹನ್ನೆರಡು ಬರಹ ಯಶಸ್ಸಿನ ಗುಟ್ಟು, ಸಮಯದ ಬೆಲೆ, ತಾಯಿಯ ಪ್ರೀತಿ, ಇಂಥದ್ದು. ಭಾಷೆ ಶುದ್ಧ, ಒಂದು ತಪ್ಪಿಲ್ಲ. ಹದಿಮೂರನೆಯದ್ದು ಬರೀ ನಾಲ್ಕು ಸಾಲು, ಅದರ ವಿಷಯ ಕೊನೆಗೆ ಹೇಳ್ತೇನೆ. ಅವಳ ಆ ಒಂದು ಸಾಲಿನ ಪ್ರಶ್ನೆಗೆ ಇವತ್ತಿನ ಮಾತು.

ನಾನು ಚಿಕ್ಕವನಿರುವಾಗ ನಮ್ಮ ಪೇಟೆಯಲ್ಲಿ ಒಂದು ದಿನಸಿ ಅಂಗಡಿ ಇತ್ತು. ಅಪ್ಪ ಅಡಿಕೆ ಮಾರಿದ ದಿನ ಹೋಗಿ ಲೆಕ್ಕದ ಪುಸ್ತಕ ತೆಗೆಸಿ ಹಣ ಎಣಿಸಿ ಇಟ್ರೆ, ಆ ಅಂಗಡಿಯವರು ಪೂರ್ತಿ ಚುಕ್ತಾ ಮಾಡ್ಲಿಕ್ಕೆ ಬಿಡ್ತಾ ಇರ್ಲಿಲ್ಲ. ಎಲ್ಲ ಎಣಿಸಿ ತಗೊಂಡು ಹತ್ತು ರೂಪಾಯಿ ವಾಪಸು ಅಪ್ಪನ ಕೈಗೆ ಕೊಟ್ಟು, "ಇದು ಬಾಕಿ ಇರ್ಲಿ ಮಾರಾಯ್ರೆ" ಅಂತಿದ್ರು. ಆ ಹತ್ತು ರೂಪಾಯಿ ಬಾಕಿ ಇದೆ ಅಂತ್ಲೇ ಅಪ್ಪ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಮೂವತ್ತು ವರ್ಷ. ಬರೆಯುವವರಿಗೂ ನಾನು ಹೇಳುದು ಇಷ್ಟೇ. ಓದುವವನ ಲೆಕ್ಕ ಚುಕ್ತಾ ಮಾಡ್ಬೇಡಿ. ಒಂದು ಬಾಕಿ ಇಟ್ಟುಕೊಳ್ಳಿ. ಅವನು ಬಂದೇ ಬರ್ತಾನೆ.

ಇದು ನನಗೆ ಗೊತ್ತಾದದ್ದು ಒಂದು ಸುರಂಗದಿಂದ.

ಎಂಟು ವರ್ಷದ ಹಿಂದೆ ನಮ್ಮ ಬಾಯಾರಿನ ತೋಟದ ಹಳೇ ಸುರಂಗ ಮಳೆಗಾಲದಲ್ಲಿ ಒಳಗೆ ಕುಸಿದು ನೀರು ನಿಂತೇ ಹೋಯ್ತು. ಘಟ್ಟದ ಮೇಲಿನವರು, ಮೈಸೂರು ಕಡೆಯವರು ಕೇಳ್ತಾ ಇದ್ರೆ ಅವರಿಗಾಗಿ ಹೇಳ್ತೇನೆ, ನಮ್ಮ ಕಡೆ ಸುರಂಗ ಅಂದ್ರೆ ನೀರಿಗೆ ತೋಡುದು. ಬಾವಿಯನ್ನು ಕೆಳಗೆ ತೋಡ್ತಾರೆ, ಸುರಂಗವನ್ನು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ತೋಡ್ತಾರೆ. ಒಬ್ಬ ಬಗ್ಗಿಕೊಂಡು ಹೋಗುವಷ್ಟು ಎತ್ತರ, ಭುಜ ಎರಡೂ ಕಡೆ ತಾಗುವಷ್ಟು ಅಗಲ. ನೀರು ಸಿಕ್ಕಿದ್ರೆ ಅದು ತನ್ನಷ್ಟಕ್ಕೇ ಹೊರಗೆ ಹರಿದು ಬರ್ತದೆ, ಪಂಪು ಬೇಡ ಕರೆಂಟು ಬೇಡ. ಅಳತೆ ಕೋಲಿನಲ್ಲಿ, ಒಂದು ಕೋಲು ಅಂದ್ರೆ ಎರಡೂವರೆ ಅಡಿ.

ಸುರಂಗ ತೋಡುವ ಒಬ್ಬರನ್ನು ಕರೆಸಿದೆ, ಅರುವತ್ತು ದಾಟಿದ ಜನ. ಅವರು ಬಂದವರು ಹಾರೆ ಮುಟ್ಟಲಿಲ್ಲ, ಅರ್ಧ ದಿನ ಗುಡ್ಡದಲ್ಲಿ ನಡೆದ್ರು, ಉಪ್ಪಳಿಗೆ ಮರ ಎಲ್ಲಿದೆ, ಬಸರಿ ಮರ ಎಲ್ಲಿದೆ ನೋಡಿದ್ರು, ಆಮೇಲೆ ಒಂದು ಕಡೆ ನಿಂತು "ಇಲ್ಲಿ ಮಾಸ್ಟ್ರೆ" ಅಂದ್ರು. ಅವರು ಒಳಗೆ ಅಗೀಲಿಕ್ಕೆ, ಅವರ ಮಗ ಮಣ್ಣು ಹೊರಗೆ ಎಳೀಲಿಕ್ಕೆ.

ಆ ಕಾಲಕ್ಕೆ ನಾನು ಪ್ರತಿ ಶನಿವಾರ ರಾತ್ರಿ ನನ್ನ ಬ್ಲಾಗಿನಲ್ಲಿ ಬರೀತಾ ಇದ್ದೆ. ಎಂತ ಬರೀತಾ ಇದ್ದದ್ದು? ಗಡಿನಾಡಿನ ಕನ್ನಡದ ಸ್ಥಿತಿಗತಿ. 1956ರ ನವೆಂಬರ್ ಒಂದಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದು, ನಮ್ಮ ಕನ್ನಡ ಶಾಲೆಗಳದ್ದು, ಎಲ್ಲ ನ್ಯಾಯವಾದ ವಿಷಯವೇ, ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುವ ವಿಷಯ. ಆದ್ರೆ ಓದುವವರು ಹತ್ತು ಜನ ದಾಟ್ತಾ ಇರ್ಲಿಲ್ಲ, ಅದೂ ವಾರ ವಾರ ಬೇರೆ ಬೇರೆ ಹತ್ತು ಜನ. ಆ ಶನಿವಾರ ಮೈಯೆಲ್ಲ ಮಣ್ಣು ಮಾಡ್ಕೊಂಡು ಬಂದಿದ್ದೆ, ದೊಡ್ಡ ವಿಷಯ ಬರೀಲಿಕ್ಕೆ ಶಕ್ತಿ ಇರ್ಲಿಲ್ಲ, ಹಾಗಾಗಿ ಇವತ್ತಿಗೆ ಏಳು ಕೋಲು ಆಯ್ತು, ಮುರಕಲ್ಲು ಮೆತ್ತಗೆ ಉಂಟು, ನೀರಿನ ಸುಳಿವಿಲ್ಲ ಅಂತ ಬರೆದು ಮಲಗಿದೆ. ಎರಡನೇ ವಾರ ಹದಿಮೂರು ಕೋಲು. ಆ ವಾರ ನಾನೂ ಒಳಗೆ ಹೋಗಿದ್ದೆ. ಹೊರಗಿನ ಬೆಳಕು ಹಿಂದೆ ಒಂದು ತಟ್ಟೆಯಷ್ಟು ಕಾಣ್ತದೆ, ಎದುರು ಒಂದು ಮೇಣದ ಬತ್ತಿ. ಆ ಬತ್ತಿ ಬರೀ ಬೆಳಕಿಗೆ ಇಟ್ಟದ್ದಲ್ಲ, ಅದು ಕುಗ್ಗಿದ್ರೆ ಒಳಗೆ ಉಸಿರಿಗೆ ಗಾಳಿ ಸಾಲುದಿಲ್ಲ ಅಂತ ಅರ್ಥ, ಎಲ್ಲ ಬಿಟ್ಟು ಹೊರಗೆ ಬರ್ಬೇಕು. ಅವರು ಅಗೆಯುವಾಗ ಒಂದು ಕಣ್ಣು ಕಲ್ಲಿನ ಮೇಲೆ, ಒಂದು ಕಣ್ಣು ಆ ಬತ್ತಿಯ ಮೇಲೆ. ಅದನ್ನು ಬರೆದೆ.

ಮೂರನೇ ವಾರ ಹದಿನೆಂಟು ಕೋಲಿನಲ್ಲಿ ಕಪ್ಪು ಕಲ್ಲು ಅಡ್ಡ ಬಂತು. ಹಾರೆ ಹಾಕಿದ್ರೆ ಠಣ್ ಅಂತದೆ, ಕಿಡಿ ಬರ್ತದೆ. ಅವರು ಹೊರಗೆ ಬಂದು ಎಲೆ ಅಡಿಕೆ ಹಾಕ್ಕೊಂಡು ಸುಮಾರು ಹೊತ್ತು ಗುಡ್ಡ ನೋಡ್ತಾ ಕೂತ್ರು, ಮತ್ತೆ ಹೇಳಿದ್ರು, "ಎಡಕ್ಕೆ ತಿರುಗಿಸುವ ಮಾಸ್ಟ್ರೆ, ಸಿಕ್ಕಿದ್ರೆ ಸಿಕ್ಕೀತು, ಇಲ್ಲದಿದ್ರೆ ನನ್ನ ಕೂಲಿ ಅರ್ಧ ಕೊಡಿ ಸಾಕು." ಸೋಮವಾರ ಎಡಕ್ಕೆ ತಿರುಗಿಸ್ತೇವೆ ಅಂತ ಬರೆದು ಬಿಟ್ಟೆ.

ಆಮೇಲೆ ನನಗೆ ಜ್ವರ ಬಂತು, ನಾಲ್ಕನೇ ಶನಿವಾರ ಬರೀಲಿಕ್ಕೆ ಆಗಲಿಲ್ಲ. ಆದಿತ್ಯವಾರ ಬೆಳಗ್ಗೆ ಐದೂವರೆಗೆ ಫೋನು. ದುಬಾಯಿಯಿಂದ. ಯಾರು ಅಂತ ನನಗೆ ಗೊತ್ತಿಲ್ಲ, ಉಪ್ಪಳದ ಕಡೆಯವರಂತೆ. ನಮಸ್ಕಾರ ಇಲ್ಲ ಕ್ಷೇಮ ಇಲ್ಲ, "ಮಾಸ್ಟ್ರೆ, ಎಡಗಡೆ ಎಂತಾಯ್ತು?" ಮತ್ತೆ ಮುಂಬೈಯಿಂದ ಒಬ್ಬರು. ಪುತ್ತೂರಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಕಣ್ಣು ಕಾಣುದಿಲ್ಲ, ಮೊಮ್ಮಗನ ಹತ್ತಿರ ಓದಿಸ್ತಾ ಇದ್ರಂತೆ, ಅವರು ಹುಡುಗನಿಂದ ಫೋನು ಮಾಡಿಸಿ ಬೈದ್ರು, "ಜ್ವರ ಬಂದ್ರೆ ಜ್ವರ ಅಂತಾದ್ರೂ ಬರೀಬೇಕಾ ಬೇಡ್ವಾ? ನಾನು ಇಲ್ಲಿ ಕಾಯ್ತಾ ಕೂತಿದ್ದೇನೆ." ಅವತ್ತು ಒಟ್ಟು ಏಳು ಫೋನು ಬಂತು. ಅಷ್ಟು ವರ್ಷ ಬರೆದ ದೊಡ್ಡ ದೊಡ್ಡ ಲೇಖನಗಳಿಗೆ ಒಂದು ಫೋನು ಬಂದದ್ದಿಲ್ಲ.

ಮೂವತ್ತಾರನೇ ಕೋಲಿನಲ್ಲಿ ನೀರು ಸಿಕ್ಕಿತು, ಏಳನೇ ವಾರ. ಸಿನೆಮಾದಲ್ಲಿ ತೋರಿಸಿದ ಹಾಗೆ ಚಿಮ್ಮುದಿಲ್ಲ ಅದು. ಮಣ್ಣಿನ ಬಣ್ಣ ಬದಲಾಯ್ತು, ಕೆಂಪು ಹೋಗಿ ಬಿಳಿ ಶೇಡಿ ಮಣ್ಣು ಬಂತು, ಅವರು ಅಂಗೈ ಗೋಡೆಗೆ ಒತ್ತಿ ಹಿಡಿದ್ರು, ತೆಗೆದಾಗ ಕೈ ಒದ್ದೆ. ನನ್ನ ಕೈಯನ್ನೂ ಹಿಡಿದು ಅಲ್ಲೇ ಒತ್ತಿಸಿದ್ರು. ತಣ್ಣಗೆ. ಮರುದಿನ ಬೆಳಗ್ಗೆ ಹೋಗಿ ನೋಡಿದ್ರೆ ಒಂದು ನೂಲಿನಷ್ಟು ನೀರು ನೆಲದಲ್ಲಿ ದಾರಿ ಮಾಡ್ಕೊಂಡು ಹೊರಗೆ ಬಂದಿತ್ತು. ಅಡಿಕೆ ಮರದ ದಂಬೆ ಇಟ್ಟು ಅದನ್ನು ಟ್ಯಾಂಕಿಗೆ ಬಿಟ್ಟೆವು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ, ದಯವಿಟ್ಟು ಇದನ್ನು ಸರಿಯಾಗಿ ಕೇಳಿ. ಆ ಶನಿವಾರ ಖುಷಿಯಲ್ಲಿ ಎಲ್ಲವನ್ನೂ ಬರೆದು, ಎಲ್ಲರಿಗೂ ಧನ್ಯವಾದ ಹೇಳಿ, ಹೀಗೆ ಸುರಂಗದ ಕಥೆ ಮುಗಿಯಿತು ಅಂತ ಬರೆದುಬಿಟ್ಟೆ. ಚುಕ್ತಾ. ಅದರ ಮುಂದಿನ ವಾರ ಬಂದವರು ಪುನಃ ಹತ್ತು ಜನ. ಎರಡು ವಾರ ತಲೆ ಕೆಡಿಸಿಕೊಂಡೆ. ಕಥೆ ನಿಜವಾಗಿ ಮುಗಿದಿರ್ಲಿಲ್ಲ, ನಾನು ಮುಗಿಸಿದ್ದು. ಸುರಂಗದಲ್ಲಿ ನೀರು ಸಿಕ್ಕುದು ಮಾರ್ಚಿನ ಮಾತು, ನಿಜವಾದ ಪರೀಕ್ಷೆ ಮೇ ಕೊನೆಗೆ, ಮಳೆ ಬರುವ ಮೊದಲಿನ ಹದಿನೈದು ದಿನ. ಈ ನೂಲು ಅಲ್ಲಿವರೆಗೆ ನಿಲ್ತದಾ? ಟ್ಯಾಂಕಿ ತುಂಬಲಿಕ್ಕೆ ಇವತ್ತು ಎಷ್ಟು ಗಂಟೆ ಬೇಕಾಯ್ತು? ಇದನ್ನು ವಾರ ವಾರ ಅಳೆದು ಬರೀಲಿಕ್ಕೆ ಶುರು ಮಾಡಿದೆ, ಹೋದವರೆಲ್ಲ ತಿರುಗಿ ಬಂದ್ರು.

ಆಗ ಅರ್ಥ ಆಯ್ತು ಬಾಕಿ ಅಂದ್ರೆ ಎಂತ ಅಂತ. ಮುಂದಿನ ಸಂಚಿಕೆಯಲ್ಲಿ ನೋಡಿ ಅಂತ ಸುಮ್ಮನೆ ಆಸೆ ತೋರಿಸುದು ಬಾಕಿ ಅಲ್ಲ, ಅದು ಮೋಸ, ಓದುವವರಿಗೆ ಎರಡನೇ ಸಲವೇ ಗೊತ್ತಾಗ್ತದೆ. ನಿಜವಾಗಿ ನಿಮಗೂ ಉತ್ತರ ಗೊತ್ತಿಲ್ಲದ್ದು ಬಾಕಿ. ನೀವೂ ಕಾಯ್ತಾ ಇರ್ಬೇಕು, ಅವರೂ ಕಾಯ್ತಾ ಇರ್ಬೇಕು.

ಕೆಲವರು ಕೇಳ್ತಾರೆ, ಸರ್ ನನ್ನದು ಕಥೆ ಅಲ್ಲ, ವಿಚಾರ, ಅದರಲ್ಲಿ ಬಾಕಿ ಹೇಗೆ ಇಡುದು ಅಂತ. ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅದನ್ನು ಕೇಳಿದವರು ಈ ಪ್ರಶ್ನೆ ಕೇಳ್ಬಾರದು! ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಲ್ವಾ ನಾವು. ವಾಲಿ ಸಾಯ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಕೂತ ಮಕ್ಕಳಿಗೂ ಗೊತ್ತು. ಆದ್ರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಂದ್ರೆ ಜನ ಮೈಲುಗಟ್ಲೆ ನಡೆದು ಬಂದು ಕೂರ್ತಿದ್ರು. ಯಾಕೆ? ಬಾಣ ತಾಗಿ ಬಿದ್ದ ವಾಲಿ ಇವತ್ತು ರಾಮನ ಹತ್ತಿರ ಎಂತ ಕೇಳ್ತಾನೆ, ರಾಮ ಅದಕ್ಕೆ ಎಂತ ಹೇಳ್ತಾನೆ, ಅದು ಬಾಕಿ. ಮುಂದಿನ ಕೂಟದಲ್ಲಿ ರಾಮನ ಅರ್ಥಕ್ಕೆ, ಅಂದ್ರೆ ರಾಮನಾಗಿ ಮಾತಾಡ್ಲಿಕ್ಕೆ, ಬೇರೆಯವರು ಕೂತ್ರೆ ಮಾತು ಇನ್ನೊಂದು ದಾರಿ ಹಿಡೀತದೆ. ವಿಚಾರ ಬರೆಯುವವರು ಎಲ್ಲ ಪ್ರಶ್ನೆಗೂ ತಾವೇ ಉತ್ತರ ಹೇಳಿ ಬಾಗಿಲು ಹಾಕ್ಬೇಡಿ, ಒಂದು ಪ್ರಶ್ನೆಯನ್ನು ಓದುವವರ ಕೈಯಲ್ಲಿ ಕೊಟ್ಟು ಎದ್ದು ಬನ್ನಿ. ಬರುವ ವಾರ ಅವರ ಉತ್ತರದಿಂದ್ಲೇ ಶುರು ಮಾಡಿ.

ಅಡಿಕೆ ಪತ್ರಿಕೆ ನಿಮಗೆಲ್ಲ ಗೊತ್ತುಂಟು. 1988ರಿಂದ ಪುತ್ತೂರಿನಿಂದ ಬರ್ತಾ ಉಂಟು, ನಮ್ಮ ವಾಣೀನಗರದ ಶ್ರೀಪಡ್ರೆಯವರು ಕಟ್ಟಿ ನಿಲ್ಲಿಸಿದ್ದು. ಕೃಷಿಕರ ಕೈಗೆ ಲೇಖನಿ ಅಂತ ಅವರ ಮಾತು. ತೋಟದಲ್ಲಿ ಕೆಲಸ ಮಾಡುವವನೇ ಬರೆದದ್ದನ್ನು ಇನ್ನೊಬ್ಬ ತೋಟದವ ಓದುದು. ಓದಿದವ ತನ್ನ ನಾಲ್ಕು ಮರಕ್ಕೆ ಅದನ್ನು ಮಾಡಿ ನೋಡ್ತಾನೆ. ಆಯ್ತಾ, ಇಲ್ವಾ? ಬಾಕಿ ಅವನ ತೋಟದಲ್ಲೇ ಉಳೀತದೆ, ಪತ್ರಿಕೆಗೆ ಕಾಯದೆ ಎಲ್ಲಿಗೆ ಹೋಗ್ತಾನೆ?

ಇಲ್ಲಿ ಗಾಜಿನ ಆಚೆಯಿಂದ ಸಮಯ ಆಯ್ತು ಅಂತ ಕೈ ತೋರಿಸ್ತಾ ಇದ್ದಾರೆ, ಉಳಿದದ್ದನ್ನು ಬೇಗ ಬೇಗ ಹೇಳಿಬಿಡ್ತೇನೆ. ದಿನ ತಪ್ಪಿಸ್ಬೇಡಿ, ಶನಿವಾರ ಅಂದ್ರೆ ಶನಿವಾರ, ವಾರಕ್ಕೊಮ್ಮೆ ಆಗುದಿಲ್ಲ ಅಂದ್ರೆ ತಿಂಗಳಿಗೊಮ್ಮೆ ಬರೀರಿ, ಆದ್ರೆ ಹೇಳಿದ ದಿನ. ಹಿಂದೆ ಗೂಗಲ್ ರೀಡರ್ ಅಂತ ಇತ್ತು, ನಮಗೆ ಬೇಕಾದವರು ಹೊಸತು ಬರೆದ ಕೂಡ್ಲೇ ಅದರಲ್ಲಿ ಬಂದು ಬೀಳ್ತಿತ್ತು, ಅದನ್ನು 2013ರ ಜುಲೈಯಲ್ಲಿ ಮುಚ್ಚಿದ್ರು. ಈಗ ಫೋನು ಅದಕ್ಕೆ ಬೇಕಾದ್ದನ್ನು ತೋರಿಸ್ತದೆ, ನಿಮ್ಮದನ್ನು ತೋರಿಸ್ತದೆ ಅಂತ ನಂಬಿ ಕೂರ್ಬೇಡಿ, ಓದುವವರು ನೆನಪಿಟ್ಟು ಹುಡುಕ್ಕೊಂಡು ಬರ್ಬೇಕು, ನೆನಪು ಇರ್ಬೇಕಾದ್ರೆ ಬಾಕಿ ಇರ್ಬೇಕು. ಇತ್ತೀಚಿನ ದಿನಗಳಲ್ಲಿ ಅಂತ ಯಾವ ಬರಹವನ್ನೂ ಶುರು ಮಾಡ್ಬೇಡಿ, ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಯಾರಾದ್ರೂ ಎರಡು ಸಾಲು ಬರೆದು ಕೇಳಿದ್ರೆ ಅವತ್ತೇ ಉತ್ತರ ಕೊಡಿ, ಕೈ ಮುಗಿಯುವ ಚಿತ್ರ ಹಾಕಿ ಬಿಡುದಲ್ಲ.

ಈಗ ಆ ಹುಡುಗಿ. ನೋಡು ಮಗಳೇ, ನೀನು ಕೇಳ್ತಾ ಇದ್ದಿ ಅಂತ ಗ್ರಹಿಸ್ತೇನೆ. ನಿನ್ನ ಹನ್ನೆರಡು ಬರಹ ನಾನು ಒಂದೊಂದೇ ಸಲ ಓದಿದೆ, ಪುನಃ ನೋಡ್ಲಿಲ್ಲ, ನೋಡ್ಬೇಕು ಅಂತ ಅನ್ನಿಸ್ಲೂ ಇಲ್ಲ, ಬೇಜಾರು ಮಾಡ್ಬೇಡ. ಹದಿಮೂರನೆಯದ್ದನ್ನು ನಾಲ್ಕು ಸಲ ತೆಗೆದು ನೋಡಿದ್ದೇನೆ. ಅಜ್ಜಿ ಕೋಳಿಯನ್ನು ಒಂಬತ್ತು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದ್ರು, ಅದರಲ್ಲಿ ಎರಡು ಬಾತುಕೋಳಿ ಮೊಟ್ಟೆ, ನೆರೆಮನೆಯವರು ಕೊಟ್ಟದ್ದು, ಅಂತ ಬರೆದು ಬಿಟ್ಟಿದ್ದಿ. ಅದನ್ನು ಬರೆದದ್ದು ಆರನೇ ತಾರೀಕು. ಇವತ್ತು ಇಪ್ಪತ್ತನಾಲ್ಕು. ಕೋಳಿಮರಿ ಹೊರಗೆ ಬರ್ಲಿಕ್ಕೆ 21 ದಿನ, ಅಂದ್ರೆ ಇಪ್ಪತ್ತೇಳಕ್ಕೆ. ಬಾತಿನ ಮೊಟ್ಟೆಗೆ 28 ದಿನ ಬೇಕು. ಏಳು ಮರಿ ಚಿಯಾಂವ್ ಚಿಯಾಂವ್ ಅಂತ ಹೊರಟಾಗ ತಾಯಿ ಕೋಳಿ ಅವುಗಳ ಹಿಂದೆ ಎದ್ದು ಹೋದ್ರೆ, ಉಳಿದ ಆ ಎರಡು ಮೊಟ್ಟೆಗೆ ಇನ್ನೊಂದು ವಾರ ಕಾವು ಯಾರು ಕೊಡುದು? ಅಜ್ಜಿ ಎಂತ ಉಪಾಯ ಮಾಡಿದ್ದಾರೆ? ಕೇಳಿ ಬರಿ ಮಗಳೇ, ಇಪ್ಪತ್ತೇಳಕ್ಕೆ ಸಂಜೆ ನಾನು ನೋಡ್ತೇನೆ.

ನಮಸ್ಕಾರ.