ಹಳೇ ಮನೆಯ ಕಾವಿ ನೆಲ: ಒಡೆಸುವ ಮೊದಲು ನೀರನ್ನು ನೋಡಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ತುಂಬಾ ಜನರ ಮನೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗೋಡೆಯದ್ದು, ಹಂಚಿನ ಮಾಡಿನದ್ದು. ಚಾವಡಿಯಲ್ಲಿ ಕೆಂಪು ಬಣ್ಣ ಕಲಸಿ ತಿಕ್ಕಿದ ಕಾವಿ ನೆಲ, ಜಗಲಿಯಲ್ಲಿ ಮಣ್ಣಿನ ಬಿಲ್ಲೆ ಇರಬಹುದು. ಮನೆಯಲ್ಲಿ ಮದುವೆಯೋ ಗೃಹಶಾಂತಿಯೋ ನಿಶ್ಚಯವಾಯಿತು ಅಂದರೆ ಮೊದಲು ಕಣ್ಣು ಬೀಳುವುದು ನೆಲದ ಮೇಲೆ. "ಬಿರುಕು ಬಿಟ್ಟಿದೆ, ಬಣ್ಣ ಹೋಗಿದೆ, ಟೈಲ್ಸ್ ಹಾಕಿಸಿಬಿಡೋಣ" ಅನ್ನುತ್ತೇವೆ. ನಾನು ಹಳೇ ಮನೆಗಳ ದುರಸ್ತಿ ಕೆಲಸ ಮಾಡುವವನು. ನಿಮ್ಮಲ್ಲಿ ಒಂದೇ ಕೋರಿಕೆ: ನೆಲಕ್ಕೆ ಕೈ ಹಾಕುವ ಮೊದಲು ನಿಮ್ಮ ಮನೆಯ ಅಡಿಯಲ್ಲಿ ನೀರು ಹೇಗೆ ಓಡಾಡುತ್ತಿದೆ ಅಂತ ನೋಡಿ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಮುರಕಲ್ಲಿನ ತುಂಬಾ ಸಣ್ಣ ಸಣ್ಣ ತೂತು. ನೆಲದೊಳಗಿನ ನೀರನ್ನು ಅದು ಮೇಲಕ್ಕೆ ಎಳೆಯುತ್ತದೆ. ಹಳೇ ಮನೆಗಳ ಪಂಚಾಂಗದಲ್ಲಿ, ಅಂದರೆ ಗೋಡೆಯ ಬುಡದ ಅಡಿಪಾಯದಲ್ಲಿ, ಆ ಪಸೆಯನ್ನು ತಡೆಯುವ ಪದರ ಇರುವುದು ಅಪರೂಪ. ಹಿಂದಿನವರು ಕೆಳಗೆ ಮಣ್ಣು ತುಂಬಿ, ಗುದ್ದಿ, ಸುಣ್ಣದ ಗಾರೆ ಹಾಕಿ ನೆಲ ಮಾಡಿದರು. ಮೇಲೆ ಬಂದ ಪಸೆ ಆ ನೆಲದಿಂದ, ಸುಣ್ಣದ ಗೋಡೆಯಿಂದ ನಿಧಾನಕ್ಕೆ ಆರಿ ಹೋಗುತ್ತಿತ್ತು. ಮಳೆ ಜೋರಿರುವ ಆಟಿ ತಿಂಗಳಲ್ಲಿ ನೆಲ ಥಂಡಿ, ದೀಪಾವಳಿ ಹೊತ್ತಿಗೆ ಒಣ.

ಇದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿದರೆ ಏನಾಗುತ್ತದೆ? ಆ ಟೈಲ್ ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಹೀರುವುದಿಲ್ಲ. ಪಸೆಗೆ ನೆಲದಲ್ಲಿ ದಾರಿ ಮುಚ್ಚಿತು. ಆದರೆ ನೀರು ಸುಮ್ನೆ ಕೂರುವುದಿಲ್ಲ, ಗೋಡೆ ಹತ್ತುತ್ತದೆ. ಕುಂದಾಪುರದ ಕಡೆಯ ಒಂದು ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಚೆನ್ನಾಗಿದ್ದ ಕಾವಿ ನೆಲದ ಮೇಲೆಯೇ ಹೊಳೆಯುವ ಟೈಲ್ ಹಾಕಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. ಬೆರಳು ತಾಗಿಸಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ಬಾಗಿಲ ದಾರಂದದ ಕಾಲು ಕೊಳೆಯಲು ಶುರುವಾಗಿತ್ತು. ಮನೆಯವರು ಸಿಮೆಂಟ್ ಗಾರೆ ಹಾಕಿಸಿ, ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಸಿದ್ದರು. ಪಸೆ ಇನ್ನೂ ಒಂದು ಮೊಳ ಮೇಲೆ ಹೋಗಿತ್ತು, ಅಷ್ಟೇ.

ಹಾಗಾದರೆ ನೆಲ ಒದ್ದೆಯಾಗುವುದು ಯಾವ ನೀರಿನಿಂದ ಅಂತ ತಿಳಿಯುವುದು ಹೇಗೆ? ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಎರಡು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲ ಒರೆಸಿ ಒಣಗಿಸಿ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ನೀರು ಭೂಮಿಯಿಂದ ಬರುತ್ತಿದೆ. ಹಾಳೆಯ ಮೇಲೆ ಹನಿ ಕೂತಿದ್ದರೆ ಅದು ಗಾಳಿಯದ್ದು. ತಣ್ಣಗಿರುವ ನೆಲಕ್ಕೆ ಕಡಲ ಕಡೆಯ ಒದ್ದೆ ಗಾಳಿ ತಾಗಿದಾಗ ನೆಲ ಬೆವರುತ್ತದೆ. ನುಣುಪು ಟೈಲ್ ಮೇಲೆ ಆ ಹನಿ ಹಾಗೇ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಈ ಮಾತನ್ನು ಮನಸ್ಸಿನಲ್ಲಿಡಿ. ಸೊಂಟದ ಮೂಳೆ ಮುರಿಯಲು ಒಮ್ಮೆ ಜಾರಿದರೆ ಸಾಕು.

ನೀರು ಭೂಮಿಯದ್ದೇ ಅಂತ ಗೊತ್ತಾದರೆ ಮೊದಲು ಅಂಗಳಕ್ಕೆ ಹೋಗಿ. ಹೆಚ್ಚಿನ ಕಡೆ ರೋಗದ ಮೂಲ ಅಲ್ಲೇ ಇರುತ್ತದೆ. ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅಂಗಳ ಏರಿದೆ. ಈಗ ಎಲ್ಲಾ ಕಡೆ ಇಂಟರ್‌ಲಾಕ್ ಬೇರೆ. ಒಂದು ಕಾಲದಲ್ಲಿ ಎರಡು ಮೆಟ್ಟಿಲು ಎತ್ತರ ಇದ್ದ ಜಗಲಿ ಈಗ ಅರ್ಧ ಮೆಟ್ಟಿಲಿಗೆ ಇಳಿದಿದೆ. ಮಾಡಿನಿಂದ ಸುರಿಯುವ ನೀರು ಇಂಟರ್‌ಲಾಕ್ ಮೇಲೆ ಹರಿದು ಸೀದಾ ಪಂಚಾಂಗಕ್ಕೆ ಬರುತ್ತದೆ. ಗೋಡೆಯ ಪಕ್ಕದ ಎರಡು ಅಡಿ ಇಂಟರ್‌ಲಾಕ್ ತೆಗೆಸಿ. ಅಂಗಳದ ಇಳಿಜಾರು ಮನೆಯಿಂದ ಹೊರಗೆ ಇರಲಿ. ಸೂರಂಚಿಗೆ ಮಾಡಿನ ನೀರು ಹಿಡಿಯುವ ದಂಬೆ ಕಟ್ಟಿಸಿ, ಆ ನೀರನ್ನು ಕಣಿ ತೆಗೆದು ತೋಡಿಗೆ ಬಿಡಿ. ನೆಲ ಹೊಸತು ಮಾಡಿಸುವ ಖರ್ಚಿನ ಮುಂದೆ ಇದು ಸಣ್ಣ ಮೊತ್ತ. ಒಂದು ಮಳೆಗಾಲ ಕಾದು ನೋಡಿ. ನೆಲದ ಅರ್ಧ ದೂರು ಇದರಲ್ಲೇ ಹೋಗುವುದನ್ನು ಕಂಡಿದ್ದೇನೆ.

ಈಗ ನೆಲಕ್ಕೆ ಬರೋಣ. ಕಾವಿ ನೆಲದ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡ್. ಅದು ಬಿಸಿಲಿಗೆ ಮಾಸುವಂಥದ್ದಲ್ಲ. ನಾವು ಮಾಸಿದೆ ಅನ್ನುವುದು ಎಷ್ಟೋ ಸಲ ಮೇಲೆ ಕೂತ ಎಣ್ಣೆ, ಸೋಪು, ಧೂಳಿನ ಪದರ. ಮೊದಲು ಒಂದು ನಾಣ್ಯದಿಂದ ನೆಲವನ್ನು ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬರದಿದ್ದರೆ ನೆಲ ಚೆನ್ನಾಗಿದೆ. ಅಂಥ ನೆಲವನ್ನು ಒಡೆಸಬೇಡಿ, ದಯವಿಟ್ಟು. ಆಸಿಡ್ ಅಂತೂ ಹಾಕಲೇಬೇಡಿ, ಅದು ಸುಣ್ಣವನ್ನೂ ಸಿಮೆಂಟನ್ನೂ ತಿನ್ನುತ್ತದೆ. ಅಂಟುವಾಳದ ನೀರಿನಲ್ಲೋ ತೆಳು ಸೋಪಿನಲ್ಲೋ ತೊಳೆದು, ನಯವಾದ ವಾಟರ್ ಪೇಪರ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಜೇನುಮೇಣ ತೆಳ್ಳಗೆ ಹಚ್ಚಿ ಒರೆಸಿ. ಕೆಂಪು ಪೇಂಟ್ ಬಳಿಯುವವರಿದ್ದಾರೆ. ಕೆಳಗಿನ ಪಸೆ ಅದನ್ನು ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುತ್ತದೆ.

ಬಿರುಕು ತುಂಬಿಸುವುದಕ್ಕೆ ತಾಳ್ಮೆ ಬೇಕು. ಸಿಮೆಂಟು ಮತ್ತು ಆಕ್ಸೈಡ್ ಕಲಸಿ, ಮೊದಲು ಒಂದು ಹಂಚಿನ ತುಂಡಿನ ಮೇಲೆ ಹಚ್ಚಿ ವಾರಗಟ್ಟಲೆ ಒಣಗಲು ಬಿಡಿ. ಹಸಿ ಇದ್ದಾಗಿನ ಬಣ್ಣ ಕಡು, ಒಣಗಿದಾಗ ತಿಳಿ. ಕೆಂಪು ಬೇಕು ಅಂತ ಆಕ್ಸೈಡ್ ಸುರಿಯಬೇಡಿ. ಸಿಮೆಂಟಿನ ತೂಕದ ಶೇಕಡಾ 10 ದಾಟಿದರೆ ಗಟ್ಟಿತನ ಹೋಗುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ತೇಪೆ ಕಾಣುತ್ತದೆ. ಕಂಡರೆ ಕಾಣಲಿ ಅಲ್ವಾ? ಅಜ್ಜಿ ಅಕ್ಕಿ ಆರಿಸುತ್ತಾ ಕೂತ ಜಾಗ ಅದು, ಶೋರೂಮಿನ ಹಾಗೆ ಇರಬೇಕಾಗಿಲ್ಲ.

ಎಲ್ಲಾ ನೆಲವೂ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಹೆಗ್ಗಣ ತೋಡಿ ಟೊಳ್ಳಾದದ್ದು, ಮಣ್ಣು ಕುಸಿದು ತಗ್ಗಾದದ್ದು ತೆಗೆಯಲೇಬೇಕು. ಆಗಲೂ ಹಳೇ ನೆಲದ ಮೇಲೆ ಹೊಸದನ್ನು ಏರಿಸಬೇಡಿ. ಎರಡು ಇಂಚು ಏರಿದರೆ ಹೊಸ್ತಿಲು ಮುಳುಗುತ್ತದೆ, ಬಾಗಿಲಿನ ಬುಡ ಕೊಯ್ಯಬೇಕಾಗುತ್ತದೆ. ಜಗಲಿಗೆ ಇಳಿಯುವ ಮೆಟ್ಟಿಲು ಒಂದು ಎತ್ತರ, ಇನ್ನೊಂದು ತಗ್ಗು ಆಗಿ ಜನ ಮುಗ್ಗರಿಸುತ್ತಾರೆ. ಅಗೆದು, ಗುದ್ದಿ, ಮೊದಲಿದ್ದ ಮಟ್ಟಕ್ಕೇ ಕಟ್ಟಿಸಿ.

ಮೇಲಿನ ಹೊದಿಕೆಗೆ ನನ್ನ ಮೊದಲ ಆಯ್ಕೆ ಸುಣ್ಣದ ಗಾರೆಯ ಮೇಲೆ ಸುಟ್ಟ ಮಣ್ಣಿನ ಬಿಲ್ಲೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಆವೆಮಣ್ಣಿನಿಂದ ಇನ್ನೂ ಎಷ್ಟೋ ಕಾರ್ಖಾನೆಗಳು ನಡೆದವು. ಮಾಡಿನ ಹಂಚಿನ ಜೊತೆ ನೆಲದ ಬಿಲ್ಲೆಯೂ ಅಲ್ಲಿಂದ ಬರುತ್ತಿತ್ತು. ಅದು ಪಸೆಯನ್ನು ಬಿಟ್ಟುಕೊಡುತ್ತದೆ, ಒದ್ದೆಯಾದರೂ ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಒಂದು ಒಡೆದರೆ ಒಂದನ್ನೇ ಬದಲಾಯಿಸಬಹುದು. ಕಾವಿಯೇ ಬೇಕು ಅನ್ನುವವರು ಕಡಲ ಬದಿಯ ಹೊಯಿಗೆಯನ್ನು (ಮರಳನ್ನು) ಹತ್ತಿರ ಬಿಡಬೇಡಿ, ಅದರ ಉಪ್ಪು ಮಳೆಗಾಲ ಪೂರ್ತಿ ನೀರು ಎಳೆಯುತ್ತದೆ. ಕಡಲಿಗೆ ಹತ್ತಿರದ ಬಾವಿ ನೀರು ಉಪ್ಪಾಗಿದ್ದರೆ ಕಲಸಲಿಕ್ಕೂ ನೆಲಕ್ಕೆ ನೀರು ಕಟ್ಟಲಿಕ್ಕೂ ಸಿಹಿನೀರು ತರಿಸಿ. ಕನಿಷ್ಠ ಏಳು ದಿನ ನೀರು ನಿಲ್ಲಿಸಿ. ಆ ದಿನಗಳಲ್ಲಿ ನೆಲ ಒಣಗಿದರೆ ಬಿರುಕು ಖಂಡಿತ. ಸಂಕ್ರಾಂತಿಯ ಆಸುಪಾಸು ಇದಕ್ಕೆ ಒಳ್ಳೇ ಹೊತ್ತು. ಭೂಮಿ ಆರಿರುತ್ತದೆ, ಬಾವಿಯಲ್ಲಿ ನೀರೂ ಇರುತ್ತದೆ.

ಕಾವಿ ತಿಕ್ಕಲು ಬಲ್ಲ ಮೇಸ್ತ್ರಿಗಳು ಈಗ ಕಡಿಮೆ. ಸಿಮೆಂಟ್ ಬಿಗಿಯುವ ಹೊತ್ತು ನೋಡಿಕೊಂಡು, ಮೊಣಕಾಲೂರಿ ಕೂತು, ಹಿಂದಕ್ಕೆ ಸರಿಯುತ್ತಾ ಕರಣೆ ಎಳೆಯಬೇಕು. ಬೇಗ ಎಳೆದರೆ ನೀರು ಮೇಲೆ ಬರುತ್ತದೆ, ತಡವಾದರೆ ಗೀರು ಬೀಳುತ್ತದೆ. ಒಂದು ಕೋಣೆಯನ್ನು ಒಂದೇ ಸಲಕ್ಕೆ ಮುಗಿಸಬೇಕು. ಚದರ ಅಡಿ ಲೆಕ್ಕದಲ್ಲಿ ಅವರ ಹತ್ತಿರ ಚೌಕಾಸಿ ಮಾಡಬೇಡಿ, ದಿನದ ಲೆಕ್ಕದಲ್ಲಿ ಕೊಡಿ. ಮೊದಲು ಒಂದು ಸಣ್ಣ ಕೋಣೆ ಮಾಡಿಸಿ ನೋಡಿ. ಜೊತೆಗೆ ಊರಿನ ಹುಡುಗರು ಯಾರಾದರೂ ಕಲಿಯಲು ಬರುತ್ತೇನೆ ಅಂದರೆ, ಅವರ ಸಂಬಳವನ್ನೂ ನೀವೇ ಕೊಟ್ಟು ಆ ಮೇಸ್ತ್ರಿಯ ಪಕ್ಕ ಕೂರಿಸಿ.