ದಿನಕ್ಕೊಂದು ಗೇಣು

ಈಗ ನೀವು ನೋಡುತ್ತಿರುವುದು ನಮ್ಮ ಹಾಲ್‌ನ ಒಂದು ಮೂಲೆ. ಖಾಲಿ ಮೂಲೆ. ನೆಲ ಒರೆಸಿ ಫಳಫಳ ಅನ್ನುತ್ತಿದೆ. ಆ ಖಾಲಿ ಟೈಲ್ಸ್ ಮೇಲೆ ನಿಂತು, ಇಲ್ಲದ ಮಣ್ಣನ್ನು ಕೆರೆಯುತ್ತಿರುವವಳು ನಮ್ಮ ಬೆಕ್ಕು ಬೂದಿ. ಮುಂದಿನ ಬಲಗಾಲಿನಿಂದ ಮೂರು ಸಲ ಕೆರೆದಳು. ನಿಂತಳು. ಮೂಸಿದಳು. ಮತ್ತೆ ಮೂರು ಸಲ ಕೆರೆದಳು. ಆಮೇಲೆ ತಲೆ ಎತ್ತಿ ನೇರವಾಗಿ ಕ್ಯಾಮೆರಾ ನೋಡಿದಳು. ಆ ನೋಟಕ್ಕೆ ಸಬ್‌ಟೈಟಲ್ ಬೇಕಿಲ್ಲ ಅಲ್ವಾ?

ಈ ಶಾಟ್ ತೆಗೆಯುವಾಗ ನನಗೆ ನಗು ಬಂದಿತ್ತು. ಅರ್ಧ ಗಂಟೆ ಬಿಟ್ಟು ನೋಡಿದರೆ ಬಚ್ಚಲಮನೆ ಬಾಗಿಲ ಮುಂದಿನ ಕಾಲೊರೆಸು ಒದ್ದೆ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ನಗು ಅಲ್ಲಿಗೆ ಮುಗಿಯಿತು.

ಆಗಿದ್ದು ಇಷ್ಟೇ. ಬೂದಿ ಮರಿಯಾಗಿ ಮನೆಗೆ ಬಂದ ದಿನದಿಂದ, ಅಂದರೆ ನಾಲ್ಕು ವರ್ಷದಿಂದ, ಅವಳ ಲಿಟರ್ ಬಾಕ್ಸ್ (ಉಚ್ಚೆ, ಕಕ್ಕಕ್ಕೆ ಹೋಗಲು ಲಿಟರ್ ಅನ್ನುವ ಮಣ್ಣಿನಂಥ ಹರಳು ತುಂಬಿಟ್ಟ ಡಬ್ಬ) ಇದ್ದದ್ದು ಇದೇ ಮೂಲೆಯಲ್ಲಿ. ಈ ಜಾಗ ನನಗೆ ಬೇಕಾಯಿತು. ಒಂದು ಮೇಜು ಹಾಕಿಕೊಂಡು ಕೂತು ಎಡಿಟಿಂಗ್ ಮಾಡೋಣ ಅಂತ. ಒಂದು ಬೆಳಗ್ಗೆ ಬಾಕ್ಸ್ ಎತ್ತಿಕೊಂಡು ಹೋಗಿ ವಾಷಿಂಗ್ ಮೆಷಿನ್ ಪಕ್ಕ ಇಟ್ಟೆ. ಎರಡು ನಿಮಿಷದ ಕೆಲಸ.

ಅಕ್ಕ ಆಗಲೇ ಹೇಳಿದ್ದಳು. "ಒಂದೇ ಸಲಕ್ಕೆ ಎತ್ತಿಡಬೇಡ ಕಣೇ, ಅವಳಿಗೆ ಗೊತ್ತಾಗಲ್ಲ."

"ಅವಳಿಗೇನು ಮೂಗಿಲ್ವಾ? ಹುಡುಕಿಕೊಳ್ತಾಳೆ ಬಿಡೇ" ಅಂದೆ.

ಹುಡುಕಿಕೊಂಡಳು, ನಿಜ. ಹೊಸ ಜಾಗಕ್ಕೆ ಹೋಗಿ ಬಾಕ್ಸ್ ಒಳಗೂ ಇಳಿದಳು. ಈ ಕ್ಲಿಪ್ ನೋಡಿ. ಗುಂಡಿ ತೋಡಿ, ಬೆನ್ನು ಬಗ್ಗಿಸಿ, ಇನ್ನೇನು ಕೂರಬೇಕು, ಮೆಷಿನ್ ಸ್ಪಿನ್‌ಗೆ ಹೋಯಿತು. ಗಡಗಡ ಅಂತ ನೆಲವೆಲ್ಲ ನಡುಗಿತು. ಬೂದಿ ಹಾರಿದ್ದು ಕ್ಯಾಮೆರಾಗೆ ಸರಿಯಾಗಿ ಸಿಕ್ಕಿಲ್ಲ, ಬರೀ ಬೂದು ಬಣ್ಣದ ಒಂದು ಗೀರು ಕಾಣುತ್ತದೆ. ಅದಾದಮೇಲೆ ಆ ಬಾಕ್ಸ್ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಸಂಜೆವರೆಗೂ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ಗಾದೆ ಯಾಕೆ ಹುಟ್ಟಿತು ಅಂತ ಅವತ್ತು ಗೊತ್ತಾಯಿತು.

ಬೆಕ್ಕು ಬೇಟೆಯಾಡುವ ಪ್ರಾಣಿ ಅಂತ ನಮಗೆ ಗೊತ್ತು. ಆದರೆ ಕಾಡಿನಲ್ಲಿ ಅದನ್ನೇ ಹಿಡಿದು ತಿನ್ನುವ ಪ್ರಾಣಿಗಳೂ ಇರುತ್ತವೆ. ಉಚ್ಚೆಗೋ ಕಕ್ಕಕ್ಕೋ ಕೂತ ಹೊತ್ತಲ್ಲಿ ಅದಕ್ಕೆ ಥಟ್ಟನೆ ಓಡಲು ಆಗುವುದಿಲ್ಲ. ಅದಕ್ಕೇ ಸುತ್ತ ಯಾರು ಬರುತ್ತಾರೆ ಅಂತ ಕಾಣಬೇಕು, ಓಡಿಹೋಗಲು ದಾರಿ ಇರಬೇಕು, ಸದ್ದು ಇರಬಾರದು. ನಾನು ಆರಿಸಿದ್ದು ಯಾವ ಜಾಗ? ಒಂದು ಕಡೆ ಗೋಡೆ, ಒಂದು ಕಡೆ ಮೆಷಿನ್, ಹೊರಗೆ ಬರಲು ಒಂದೇ ದಾರಿ. ನಮ್ಮ ಕಣ್ಣಿಗೆ ಮರೆಯಾಗಿರುವ ಜಾಗ ಚೆನ್ನ. ಅವಳ ಕಣ್ಣಿಗೆ ಅದು ಬೋನು.

ಇನ್ನೊಂದು ತಪ್ಪೂ ಮಾಡಿದ್ದೆ, ಹೇಳಿಬಿಡುತ್ತೇನೆ. ಹೊಸ ಜಾಗ ಅಂತ ಹೊಸ ಲಿಟರ್ ಹಾಕಿದ್ದೆ. ಮಲ್ಲಿಗೆ ಘಮ ಇರುವಂಥದ್ದು. ಆ ಘಮ ನನಗೆ ಬೇಕಿತ್ತು, ಅವಳಿಗಲ್ಲ. ಹೆಚ್ಚಿನ ಬೆಕ್ಕುಗಳಿಗೆ ವಾಸನೆ ಹಾಕದ, ಮರಳಿನ ಹಾಗೆ ನುಣ್ಣಗಿರುವ ಲಿಟರೇ ಇಷ್ಟ. ಜಾಗವೂ ಹೊಸದು, ಕಾಲಡಿಯ ಮಣ್ಣೂ ಹೊಸದು, ವಾಸನೆಯೂ ಹೊಸದು. ಪಾಪ, ಇದು ತನ್ನದೇ ಬಾಕ್ಸ್ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಕಾಲೊರೆಸನ್ನೇ ಯಾಕೆ ಆರಿಸಿಕೊಂಡಳು? ಇಡೀ ಮನೆ ಇತ್ತಲ್ಲ. ಸೇಡು ತೀರಿಸಿಕೊಂಡಳು ಅಂತ ತುಂಬಾ ಜನ ಹೇಳುತ್ತಾರೆ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತ್ತು. ಆಮೇಲೆ ಬಗ್ಗಿ ಕಾಲೊರೆಸಿನ ಮೇಲೆ ಅಂಗೈ ಇಟ್ಟು ನೋಡಿದೆ. ಮೆತ್ತಗಿದೆ. ಕೆರೆದರೆ ಎಳೆ ಬೆರಳಿಗೆ ಸಿಗುತ್ತದೆ. ನೀರು ಬಿದ್ದರೆ ಹೀರಿಕೊಳ್ಳುತ್ತದೆ. ಟೈಲ್ಸ್ ಮೇಲೆ ಇದ್ಯಾವುದೂ ಇಲ್ಲ. ಮನೆಬೆಕ್ಕುಗಳ ಮೂಲ ಆಫ್ರಿಕಾದ ಕಾಡುಬೆಕ್ಕು, ಫೆಲಿಸ್ ಲಿಬಿಕಾ ಅಂತಾರೆ. ಒಣನೆಲದ ಪ್ರಾಣಿ. ಸಡಿಲ ಮಣ್ಣು ಕೆದಕಿ, ಹೋಗಿ, ಮುಚ್ಚುವುದು ಅವಳಿಗೆ ನಾನು ಕಲಿಸಿದ್ದಲ್ಲ, ಅದು ಅಲ್ಲಿಂದಲೇ ಬಂದದ್ದು. ಮನೆಯಲ್ಲಿ ಸಡಿಲ ಮಣ್ಣಿಗೆ ಹತ್ತಿರದ ವಸ್ತು ಯಾವುದಿತ್ತೋ ಅದನ್ನು ಹುಡುಕಿಕೊಂಡಳು, ಅಷ್ಟೇ. ಬೈಯುವುದು, ಮೂತಿ ಹಿಡಿದು ಒದ್ದೆಗೆ ಉಜ್ಜುವುದು, ಇವೆಲ್ಲ ದಯವಿಟ್ಟು ಬೇಡ. ಅದರಿಂದ ಬೆಕ್ಕು ಕಲಿಯುವುದು ಒಂದೇ: ಇವಳ ಕಣ್ಣೆದುರು ಹೋಗಬಾರದು, ಸೋಫಾ ಹಿಂದೆ ಹೋಗಬೇಕು.

ಮಣ್ಣಿನ ಮಾತು ಬಂತಲ್ಲ, ಒಂದು ಸಣ್ಣ ಕಥೆ. ಅಮೆರಿಕದ ಮಿಷಿಗನ್‌ನಲ್ಲಿ ಎಡ್ ಲೋ ಅಂತ ಒಬ್ಬರಿದ್ದರು. 1947ರಲ್ಲಿ ಪಕ್ಕದ ಮನೆಯವರು ಬಂದು ಬೆಕ್ಕಿನ ಡಬ್ಬಕ್ಕೆ ಹಾಕಲು ಮರಳು ಇದೆಯಾ ಅಂತ ಕೇಳಿದರು. ಅದಕ್ಕೂ ಮೊದಲು ಅವರು ಹಾಕುತ್ತಿದ್ದದ್ದು ಬೂದಿ, ಮನೆ ತುಂಬಾ ಕಪ್ಪು ಹೆಜ್ಜೆ. ಎಣ್ಣೆ ಚೆಲ್ಲಿದರೆ ಹೀರಿಕೊಳ್ಳಲು ಬಳಸುವ ಜೇಡಿಮಣ್ಣಿನ ಹರಳುಗಳನ್ನು ಲೋ ಕೊಟ್ಟು ಕಳಿಸಿದರು. ಲಿಟರ್ ವ್ಯಾಪಾರ ಶುರುವಾದದ್ದು ಹಾಗೆ. ನಾವೀಗ ಬಳಸುವ, ಒದ್ದೆಯಾದರೆ ಉಂಡೆ ಕಟ್ಟುವ, ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಲಿಟರ್ ತುಂಬಾ ವರ್ಷ ಆದಮೇಲೆ ಬಂತು. ಡಬ್ಬದಲ್ಲಿ ಬೂದಿ ಇರುತ್ತಿತ್ತು ಅಂತ ಓದಿದಾಗ ಅಕ್ಕ ಹೇಳಿದಳು, "ನಮ್ಮನೆಯಲ್ಲಿ ಈಗಲೂ ಅದೇ ಅಲ್ವಾ." ಆ ಜೋಕ್ ನನ್ನದಲ್ಲ, ಅವಳದು.

ಮುಂದಕ್ಕೆ ಹೋಗೋಣ. ಬಾಕ್ಸ್ ಬಿಟ್ಟು ಹೊರಗೆ ಹೋಗಿದ್ದಾಳೆ ಅಂದಕೂಡಲೇ ಜಾಗದ ಮೇಲೇ ತಪ್ಪು ಹೊರಿಸುವುದು ಸರಿಯಲ್ಲ. ಮೂತ್ರದ ತೊಂದರೆ ಇದ್ದರೂ ಬೆಕ್ಕು ಹೀಗೇ ಮಾಡುತ್ತದೆ. ಅದಕ್ಕೆ ಮೊದಲು ಡಾಕ್ಟರ್ ಹತ್ತಿರ ತೋರಿಸಿದೆ. ಬೂದಿ ಆರಾಮಾಗಿದ್ದಳು. ನಿಮ್ಮ ಬೆಕ್ಕು ಪದೇ ಪದೇ ಹೋಗಿ ಕೂತು, ಮುಕ್ಕಿ, ಒಂದು ಹನಿಯೂ ಬರದೆ ಎದ್ದರೆ, ಅದರಲ್ಲೂ ಗಂಡು ಬೆಕ್ಕಾದರೆ, ಈ ವಿಡಿಯೋ ಇಲ್ಲೇ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ನಾಳೆ ನೋಡೋಣ ಅನ್ನುವಂಥದ್ದಲ್ಲ ಅದು, ಜೀವ ಹೋಗುತ್ತದೆ.

ಕಾಲೊರೆಸನ್ನು ಎಸೆದೆ. ನೆಲ ತೊಳೆಯಲು ಕೈ ಅಭ್ಯಾಸಬಲದಿಂದ ಫಿನಾಯಿಲ್ ಕಡೆ ಹೋಯಿತು. ಅಕ್ಕ ಕೂಗಿಕೊಂಡಳು. ನೀರಿಗೆ ಹಾಕಿದರೆ ಬೆಳ್ಳಗಾಗುವ ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಸರಿಯಾಗಿ ಅರಗಿಸಲು ಆಗುವುದಿಲ್ಲ. ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕಾಲು ನೆಕ್ಕಿಕೊಳ್ಳುತ್ತದೆ, ಅಷ್ಟು ಸಾಕು. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಅದು ಉಚ್ಚೆಯ ವಾಸನೆಗೇ ಹತ್ತಿರ. ಉಚ್ಚೆಯನ್ನೇ ಒಡೆದು ವಾಸನೆ ತೆಗೆಯುವ ಎನ್‌ಜೈಮ್ ಇರುವ ಕ್ಲೀನರ್ ಹಾಕಿ, ಪಟಪಟ ಒರೆಸದೆ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಬೇಕು.

ಈಗ ಎರಡನೇ ಪ್ರಯತ್ನ. ಹಳೇ ಬಾಕ್ಸ್, ಹಳೇ ಲಿಟರ್, ಹಳೇ ಮೂಲೆಗೇ ವಾಪಸ್. ಬೂದಿ ಹೋಗಿ ಮೂಸಿ, ಇಳಿದು, ಎಷ್ಟು ಹೊತ್ತು ಕೂತಳು ಗೊತ್ತಾ? ಅಕ್ಕ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಹೊಸ ಜಾಗ ಅಂತ ಪ್ಯಾಸೇಜ್ ಕೊನೆಯನ್ನು ಗುರುತಿಸಿದೆವು, ಪುಸ್ತಕದ ಕಪಾಟಿನ ಪಕ್ಕ. ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಊಟದ ಬಟ್ಟಲು, ನೀರು ಎರಡೂ ದೂರ. ತಿನ್ನುವ ಜಾಗದ ಪಕ್ಕ ಹೋಗಲು ಬೆಕ್ಕಿಗೆ ಇಷ್ಟವಿಲ್ಲ. ನಮಗೂ ಇಲ್ಲವಲ್ಲ. ಮೂಲೆಯಿಂದ ಅಲ್ಲಿಗೆ ಅಳೆದು ನೋಡಿದರೆ ನನ್ನ ಕೈಯಲ್ಲಿ 22 ಗೇಣು. ಸರಿ, ದಿನಕ್ಕೊಂದು ಗೇಣು ಅಂತ ಲೆಕ್ಕ ಹಾಕಿದೆ. ನೆಲಕ್ಕೆ ಗೇಣಿಗೊಂದರಂತೆ ನೀಲಿ ಟೇಪ್ ಅಂಟಿಸಿದೆ.

ಒಂದು, ಎರಡು, ಮೂರು. ಏನೂ ಇಲ್ಲ. ಅವಳಿಗೆ ಗೊತ್ತೇ ಆಗಲಿಲ್ಲ, ಅಥವಾ ಗೊತ್ತಾಗಿಯೂ ಸುಮ್ನಿದ್ದಳು. ಆರನೇ ದಿನದ ಹೊತ್ತಿಗೆ ಬಾಕ್ಸ್ ಹಾಲ್ ನಡುವೆ. ಮನೆಗೆ ಬಂದವರೆಲ್ಲ ಅದನ್ನು ಬಳಸಿ ನಡೆಯಬೇಕು. ಟೀವಿ ನೋಡುವಾಗ ಎದುರಿಗೆ ಬೂದಿ ಬಂದು ಕೂರುತ್ತಿದ್ದಳು, ನಮ್ಮ ಕಡೆ ಬೆನ್ನು ಹಾಕಿ. ಏನು ಮಾಡುವುದು, ದಾರಿ ಅವಳದು.

ಒಂಬತ್ತನೇ ದಿನ ನನಗೆ ಆಸೆ ಜಾಸ್ತಿಯಾಯಿತು. ಚೆನ್ನಾಗೇ ನಡೀತಿದೆಯಲ್ಲ ಅಂತ ಒಂದೇ ಸಲ ಮೂರು ಗೇಣು ಸರಿಸಿದೆ. ಬೂದಿ ಬಂದು ನಿಂತದ್ದು ಎಂಟನೇ ಟೇಪಿನ ಹತ್ತಿರ. ಬಾಕ್ಸ್ ಎದುರಿಗೇ ಕಾಣುತ್ತಿದೆ. ಆದರೂ ಅಲ್ಲೇ ನಿಂತು, ಬಾಲ ನೆಲಕ್ಕೆ ಬಡಿಯುತ್ತಾ, ಟೇಪನ್ನು ಒಂದು ಸಲ ಕೆರೆದಳು. ನಾನು ಬಾಯಿ ಮುಚ್ಚಿಕೊಂಡು ಬಾಕ್ಸ್ ಹಿಂದಕ್ಕೆ ತಂದಿಟ್ಟೆ. ಆಮೇಲೆ ಎರಡು ದಿನ ಮುಟ್ಟಲೇ ಇಲ್ಲ.

ಹದಿನೇಳನೇ ದಿನ ಪ್ಯಾಸೇಜ್ ಬಾಗಿಲು ದಾಟಬೇಕಿತ್ತು. ಗಾಳಿಗೆ ಆ ಬಾಗಿಲು ಹಾಕಿಕೊಳ್ಳುತ್ತದೆ. ದಾರದಿಂದ ಗೋಡೆಯ ಮೊಳೆಗೆ ಕಟ್ಟಿದೆವು. ರಾತ್ರಿ ಅಲ್ಲಿ ಕಗ್ಗತ್ತಲು. ಬೆಕ್ಕಿಗೆ ಮಂದ ಬೆಳಕು ಸಾಕು, ಆದರೆ ಬೆಳಕೇ ಇಲ್ಲದಿದ್ದರೆ ಅದಕ್ಕೂ ಕಾಣುವುದಿಲ್ಲ. ಒಂದು ಜೀರೋ ಬಲ್ಬ್ ಹಾಕಿದೆ.

ನಿಮ್ಮ ಮನೆಯಲ್ಲಿ ಬಾಕ್ಸ್ ಮೇಲಿನ ಮಹಡಿಗೆ ಹೋಗಬೇಕಿದ್ದರೆ ಈ ಗೇಣಿನ ಲೆಕ್ಕ ನಡೆಯುವುದಿಲ್ಲ. ಮೆಟ್ಟಿಲ ಮೇಲೆ ಎಲ್ಲಿ ಇಡುತ್ತೀರಿ? ಹೊಸ ಜಾಗದಲ್ಲಿ ಇನ್ನೊಂದು ಬಾಕ್ಸ್ ಇಡಿ, ಹಳೇದರಿಂದ ಒಂದೆರಡು ಸ್ಕೂಪ್ ಬಳಸಿದ ಲಿಟರ್ ಅದಕ್ಕೆ ಹಾಕಿ, ಬೆಕ್ಕಿಗೆ ತನ್ನ ವಾಸನೆಯೇ ವಿಳಾಸ. ಹೊಸದನ್ನು ಕೆಲವು ವಾರ ಬಿಡದೆ ಬಳಸುವವರೆಗೂ ಹಳೇದನ್ನು ತೆಗೆಯಬೇಡಿ. ಹೇಗೂ ಬೆಕ್ಕುಗಳು ಎಷ್ಟಿವೆಯೋ ಅದಕ್ಕಿಂತ ಒಂದು ಬಾಕ್ಸ್ ಹೆಚ್ಚಿರಲಿ ಅಂತ ಡಾಕ್ಟರ್‌ಗಳು ಹೇಳುತ್ತಾರೆ. ನಮ್ಮಲ್ಲಿ ಒಂದೇ ಇದೆ, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಬಾಕ್ಸ್ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಒಂದೂವರೆ ಪಟ್ಟು ಇರಬೇಕಂತೆ. ಅವಳು ಮಲಗಿದ್ದಾಗ ಟೇಪ್ ಹಿಡಿದು ಅಳೆದೆ. ನಮ್ಮದು ತುಂಬಾ ಚಿಕ್ಕದು. ಆದರೂ ಬದಲಾಯಿಸಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಅಷ್ಟು ಹೊತ್ತಿಗೆ ನನಗೂ ಬುದ್ಧಿ ಬಂದಿತ್ತು.

ಬಾಕ್ಸ್ ಕ್ಲೀನ್ ಮಾಡುವುದು ಈಗ ಪೂರ್ತಿ ನನ್ನ ಪಾಲು. ಅಕ್ಕ ಬಸುರಿ. ಬೆಕ್ಕಿನ ಕಕ್ಕದಿಂದ ಟಾಕ್ಸೋಪ್ಲಾಸ್ಮಾ ಅನ್ನುವ ಸೋಂಕು ಬರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಆ ಸೋಂಕು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು, ಅದಕ್ಕೇ ದಿನಾ ತೆಗೆಯುವುದು. ಬೆಕ್ಕನ್ನು ಮನೆಯಿಂದ ಕಳಿಸಬೇಕಿಲ್ಲ. ಅಕ್ಕನಿಗೆ ಸ್ಕೂಪ್‌ನಿಂದ ರಜ ಕೊಟ್ಟರೆ ಆಯಿತು. ಅವಳಿಗೆ ಇದರಿಂದ ಬೇಜಾರೇನೂ ಆದ ಹಾಗಿಲ್ಲ.

ಇಪ್ಪತ್ತೈದನೇ ದಿನ. ಇದೇ ಆ ಶಾಟ್. ಕಪಾಟಿನ ಪಕ್ಕ ಬಾಕ್ಸ್. ಬೂದಿ ಬಂದಳು, ಆ ಕಡೆ ಈ ಕಡೆ ನೋಡಿದಳು, ಇಳಿದಳು. ಮುಗಿಸಿ, ಮುಚ್ಚಿ, ಅರ್ಧ ಲಿಟರ್ ಹೊರಗೆ ಚೆಲ್ಲಿ, ಹಾಲ್ ಉದ್ದಕ್ಕೂ ಕಾರಣವಿಲ್ಲದೆ ಓಡಿದಳು. ಮಾಮೂಲಿ ಬೂದಿ.

ಹಳೇ ಮೂಲೆಗೆ ಮೇಜು ಬಂತು. ಹಳೇ ನೆನಪಿಗೆ ಅಲ್ಲೇ ಕೂತುಬಿಟ್ಟರೆ? ಅದಕ್ಕೆ ಅವಳ ಊಟದ ಬಟ್ಟಲನ್ನು ಮೇಜಿನ ಕೆಳಗೆ ಇಟ್ಟೆ. ಈ ವಾಯ್ಸ್ ಓವರ್ ರೆಕಾರ್ಡ್ ಮಾಡುತ್ತಿರುವುದು ಅದೇ ಮೇಜಿನ ಮುಂದೆ ಕೂತು. ಹಿಂದೆ ಕಟುಂ ಕಟುಂ ಅಂತ ಕೇಳಿಸುತ್ತಿದೆಯಲ್ಲ? ಮೈಕ್ ಕೆಟ್ಟಿಲ್ಲ. ನಾಲ್ಕು ಸಲ ರೀಟೇಕ್ ತೆಗೆದುಕೊಂಡೆ, ಪ್ರತಿ ಸಲವೂ ಅವಳಿಗೆ ಹಸಿವಾಯಿತು.