ನಕ್ಷೆಗೆ ಬಣ್ಣ ಬೀಳುವ ಮುನ್ನ

ಶ್ರೋತೃಗಳಿಗೆ ನಮಸ್ಕಾರ. ಊರು ಬೆಳೆಯುವಾಗ ಯಾವ ಜಮೀನಿನಲ್ಲಿ ಮನೆ ಏಳಬೇಕು, ಯಾವುದು ಕೈಗಾರಿಕೆಗೆ ಸಲ್ಲಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದನ್ನು ನಿರ್ಧರಿಸುವುದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್; ಅದರ ನಕ್ಷೆಯಲ್ಲಿ ಒಂದೊಂದು ಬಳಕೆಗೂ ಒಂದೊಂದು ಬಣ್ಣ. ಇಂತಹ ಯೋಜನೆ ಪರಿಸರದ ಮೇಲೆ ಬೀರುವ ಪರಿಣಾಮವನ್ನು ಮೊದಲೇ ಅಳೆಯುವುದು ಹೇಗೆ, ಮತ್ತು ಆ ಅಳತೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯುವುದು ಹೇಗೆ ಎಂಬುದು ಇಂದಿನ ವಿಷಯ.

ನಮ್ಮ ದೇಶದಲ್ಲಿ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚು ವಿಸ್ತೀರ್ಣದ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಆದರೆ ಪರಿಶೀಲನೆ ನಡೆಯುವುದು ಒಂದೊಂದು ಕಟ್ಟಡಕ್ಕೂ ಪ್ರತ್ಯೇಕವಾಗಿ. ಬೆಂಗಳೂರು ಎತ್ತರದ ದಿಬ್ಬದ ಮೇಲಿರುವ ನಗರ; ಇಲ್ಲಿ ಬಿದ್ದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಹರಿದು ಹೋಗಬೇಕು. ಒಂದೇ ಕಣಿವೆಯಲ್ಲಿ ಹತ್ತು ಸಮುಚ್ಚಯಗಳು ಎದ್ದರೆ ಪ್ರತಿಯೊಂದರ ಕಡತವೂ ಬಿಡಿಯಾಗಿ ನಿರ್ದೋಷಿಯೆನಿಸಬಹುದು; ಆದರೆ ಹತ್ತರ ನೀರೂ ಸೇರುವುದು ಒಂದೇ ರಾಜಕಾಲುವೆಗೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಜಲಾವೃತವಾದಾಗ ಕಂಡದ್ದು ಈ ಒಟ್ಟು ಲೆಕ್ಕವನ್ನು ಯಾರೂ ಹಾಕದೇ ಇದ್ದುದರ ಫಲವೂ ಹೌದು.

ಆ ಲೆಕ್ಕಕ್ಕೆ ಸರಿಯಾದ ಜಾಗ ಮಹಾಯೋಜನೆಯೇ ಎಂಬುದನ್ನು ನ್ಯಾಯಾಲಯದ ಒಂದು ಪ್ರಕರಣವೂ ತೋರಿಸಿಕೊಟ್ಟಿತು. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ಕೆರೆಯಂಚಿನಿಂದ 30 ಮೀಟರ್ ಜಾಗವನ್ನು ಕಟ್ಟಡಮುಕ್ತವಾಗಿ ಬಿಡಬೇಕೆಂದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಹಿಗ್ಗಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಶಾಸನಬದ್ಧ ಯೋಜನೆಯಲ್ಲಿ ನಿಗದಿಯಾದ ಅಂತರವನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ ಎಂಬುದು ಅದರ ನಿಲುವು. 30 ಸಾಕೇ, 75 ಬೇಕೇ ಎಂಬ ಚರ್ಚೆ ನಡೆಯಬೇಕಾದದ್ದು ನಕ್ಷೆಗೆ ಬಣ್ಣ ಹಾಕುವ ಮುನ್ನ, ಕಟ್ಟಡಕ್ಕೆ ಪಾಯ ತೆಗೆದ ಮೇಲಲ್ಲ.

ಹೀಗೆ ಯೋಜನೆಯ ಹಂತದಲ್ಲೇ ಪರಿಸರ ಪರಿಣಾಮವನ್ನು ಅಳೆಯುವುದನ್ನು ಯುರೋಪಿಯನ್ ಒಕ್ಕೂಟ 2001ರ ನಿರ್ದೇಶನದ ಮೂಲಕ ಕಡ್ಡಾಯಗೊಳಿಸಿತು. ಭೂಬಳಕೆಯಂತಹ ಯೋಜನೆಗಳನ್ನು ಅಂಗೀಕರಿಸುವ ಮೊದಲೇ ಪರಿಸರ ವರದಿ ಸಿದ್ಧವಾಗಬೇಕು, ಅದರಲ್ಲಿ ಸಮಂಜಸವಾದ ಪರ್ಯಾಯಗಳಿರಬೇಕು, ವರದಿ ತಕ್ಕ ಗುಣಮಟ್ಟದ್ದಾಗಿರುವಂತೆ ಸದಸ್ಯ ರಾಷ್ಟ್ರಗಳು ನೋಡಿಕೊಳ್ಳಬೇಕು. ನೆದರ್‌ಲೆಂಡ್ಸ್‌ನಲ್ಲಿ ವರದಿಗಳನ್ನು ಪರಿಶೀಲಿಸುವುದಕ್ಕೆಂದೇ ಸ್ವತಂತ್ರ ಆಯೋಗವೊಂದಿದೆ. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಲೀ ಮತ್ತು ಕಾಲಿ ಎಂಬ ಸಂಶೋಧಕರು ಬಿಡಿ ಯೋಜನೆಗಳ ಪರಿಸರ ವರದಿಗಳಿಗಾಗಿ ರೂಪಿಸಿದ ಪದ್ಧತಿ ವರದಿಯ ಒಂದೊಂದು ಅಂಶಕ್ಕೂ 'ಎ'ಯಿಂದ 'ಎಫ್'ವರೆಗೆ ದರ್ಜೆ ಕೊಟ್ಟು, ಅವುಗಳಿಂದ ಇಡೀ ವರದಿಯ ದರ್ಜೆಯನ್ನು ಕಟ್ಟುತ್ತದೆ.

ಈ ದರ್ಜೆಗಳು ಉಪಯುಕ್ತವೇ. ಆದರೂ ಅವು ಅಳೆಯುವುದು ಬರಹವನ್ನು. ಸೊಗಸಾದ ನಕ್ಷೆ, ಕೋಷ್ಟಕಗಳಿಂದ ತುಂಬಿದ ದಪ್ಪ ವರದಿಯೊಂದು 'ಎ' ಪಡೆದೂ, ಮೊದಲೇ ತೀರ್ಮಾನವಾಗಿದ್ದ ಯೋಜನೆಯ ಒಂದು ಗೆರೆಯನ್ನೂ ಕದಲಿಸದೆ ಕಪಾಟು ಸೇರಬಹುದು. ಆದ್ದರಿಂದ ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು, ಈ ವರದಿಯಿಂದ ಯಾವ ನಿರ್ಧಾರ ಬದಲಾಯಿತು ಎಂಬುದನ್ನೇ. ಪರ್ಯಾಯಗಳು ನಿಜವಾದವೇ, ಅಥವಾ ಆಯ್ದುಕೊಂಡದ್ದು ಚೆನ್ನಾಗಿ ಕಾಣಲೆಂದು ಜೊತೆಗಿಟ್ಟವೇ? ಕಣಿವೆಯನ್ನು ಬಿಟ್ಟು ಬೇರೆ ದಿಕ್ಕಿಗೆ ಬೆಳೆಯುವ ಸಾಧ್ಯತೆಯನ್ನು ಯಾರಾದರೂ ತೂಗಿ ನೋಡಿದರೇ? ಯುರೋಪಿನ ನಿರ್ದೇಶನ ಇಲ್ಲಿ ಜಾಣತನ ತೋರಿದೆ: ಯೋಜನೆ ಅಂಗೀಕಾರವಾದ ಮೇಲೆ, ಪರಿಸರದ ಅಂಶಗಳನ್ನು ಅದರಲ್ಲಿ ಹೇಗೆ ಸೇರಿಸಲಾಯಿತು, ಇತರ ಪರ್ಯಾಯಗಳಿಗಿಂತ ಇದನ್ನೇ ಏಕೆ ಆರಿಸಲಾಯಿತು ಎಂದು ಆಡಳಿತ ಬರೆದುಕೊಡಬೇಕು, ಆ ನಂತರದ ಪರಿಣಾಮಗಳ ಮೇಲೂ ನಿಗಾ ಇಡಬೇಕು.

ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಸಾರ್ವಜನಿಕರ ಆಕ್ಷೇಪಣೆಗೆ 60 ದಿನಗಳ ಅವಕಾಶವಿದೆ, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಯ ವಿಧಿಯೂ ಇದೆ. ಬೆಂಗಳೂರಿನ 2031ರ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾಯಿತು; 2020ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮುಂದಿನ ಕರಡು ಬಂದಾಗ ನಾಗರಿಕರು ತಮ್ಮ ಬಡಾವಣೆಯ ಬಣ್ಣವೊಂದನ್ನೇ ಹುಡುಕದೆ, ಪ್ರತಿ ಕಣಿವೆ ಎಷ್ಟು ನೀರನ್ನು ತಾಳಬಲ್ಲದು ಎಂಬ ಲೆಕ್ಕವನ್ನೂ, ಸಲ್ಲಿಸಿದ ಆಕ್ಷೇಪಣೆಗಳಿಗೆ ಕಾರಣಸಹಿತ ಉತ್ತರವನ್ನೂ ಲಿಖಿತವಾಗಿಯೇ ಕೇಳಬಹುದು.